ಸೂತಕದ ಮನೆಯ ಚಾ

ದೋಣಿ ಮಗುಚಿ ತೀರಿಕೊಂಡ ಕೋಡಿಯ ಬಚ್ಚನ ಮನೆಗೆ ಹೋಗಿ ಮಾತಾಡಿಸಿ ಬಂದ ಚಂದ್ರಮತಿ, ಬಿಜೂರಿನ ಬಸ್ಸಿಗೆ ಕಾಯುತ್ತ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಾ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಮೀನು ಮಾರಿ ಮುಗಿಸಿದ ಇಬ್ಬರು ಹೆಂಗಸರು, ಖಾಲಿ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ಬಚ್ಚನ ಮನೆಯ ಸುದ್ದಿಯನ್ನೇ ಆಡುತ್ತಿದ್ದರು. ಮೊನ್ನೆ ಅಲ್ಲಿಗೆ ಸಿನಿಮಾ ನಟನೊಬ್ಬ ಬಂದುಹೋಗಿದ್ದ.

"ಕ್ಯಾಮೆರಾ ಇಲ್ದಿರೆ ಅವ ಬತ್ತಿದ್ನಾ ಶ್ರೀಲತಾ?"

"ಬತ್ತಿರ್ಲಿಲ್ಲ. ಅವಂದ್ ಹೊಸ ಪಿಚ್ಚರ್ ಬತ್ತಾ ಇತ್ತಂಬ್ರ್."

"ಅದೇ ಕಾಣ್. ಎಲ್ಲ ನಾಟ್ಕ."

"ನಾಟ್ಕವೇ ಇರ್ಲಿ ಸೀತಕ್ಕ. ಬಚ್ಚಣ್ಣನ ಹೆಂಡ್ತಿ ಕೊಟ್ಟ ಚಾ ಕುಡ್ದ, ಅಲ್ದಾ?"

"ಸೂತ್ಕದ ಮನೆಯಗೆ ಎಂತದೂ ಕುಡಿಯೂಕಾಗ ಅಂದೇಳಿ ಅವ್ನಿಗೆ ಗೊತ್ತಿಲ್ಲ."

"ನಮ್ಗೆ ಗೊತ್ತಿತ್ತ್. ಹಾಂಗಾಯಿ ನಾವ್ ಯಾರೂ ಕುಡೀಲಿಲ್ಲ."

"ನಾನ್ ದಿನಾ ಹೋಯಿ ಅವ್ಳ ಹತ್ರ ಕೂಕಂತಿದ್ದೆ ಮಾರಾಯ್ತಿ."

"ನಾನೂ ಕೂತಿದ್ದೆ. ನಾವ್ ಎಷ್ಟ್ ಹೇಳಿರೂ ಅವ್ಳ್ ಒಂದ್ ಗುಟುಕ್ ಚಾ ಕುಡೀಲಿಲ್ಲ. ಅವ ಲೋಟ ಖಾಲಿ ಮಾಡಿ ಕೊಟ್ಟದ್ದೇ, ಅವ್ಳೂ ಒಂದ್ ಲೋಟ ಕುಡ್ದ್ಳ್."

ಸೀತಕ್ಕ ಖಾಲಿ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಕುಡಿ ಕುಡಿ ಅಂದೇಳಿ ಹೇಳಿದ್ದಷ್ಟೇ ನಾವ್," ಎಂದಳು. "ಒಟ್ಟಿಗೆ ಕುಡ್ದವ್ರ್ ಯಾರಿಲ್ಲ."

ಕೋಡಿಯ ಬಸ್ಸು ಬಂತು. ಇಬ್ಬರೂ ಬುಟ್ಟಿ ಎತ್ತಿಕೊಂಡು ಹತ್ತಿದರು.

ಬಚ್ಚನ ಹೆಂಡತಿ ಚಾಚಿದ ಲೋಟವನ್ನು "ಬೇಡ, ಈಗಷ್ಟೇ ಚಾ ಆಯ್ತ್" ಎಂದು ಚಂದ್ರಮತಿ ಹಿಂದೆ ಕಳಿಸಿ ಒಂದು ಗಂಟೆಯೂ ಆಗಿರಲಿಲ್ಲ. ಅವಳು ಕೈಯಲ್ಲಿದ್ದ ಚಾವನ್ನು ಕುಡಿಯಲೂ ಆಗದೆ, ಚೆಲ್ಲಲೂ ಆಗದೆ ಹಾಗೇ ಹಿಡಿದು ಕೂತಳು.