ಬಾಯಿ ಹತ್ತಿರದ ಮೈಕು

"ಅಣ್ಣಾ, ದೊಡ್ಡಲಕ್ಷ್ಮಮ್ಮನವರ ಮನೆಗೆ ಯಾವ ಕಡೆ ಹೋಗಬೇಕು?"

ಮರಳವಾಡಿ ದಾಟಿದ ಮೇಲೆ ಸೌಮ್ಯಳ ಸ್ಕೂಟಿ ಸುತ್ತಿ ಸುತ್ತಿ ಅದೇ ಆಲದ ಮರದ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಕ್ವಾರಿ ಲಾರಿಗಳು ಹತ್ತಾರು ಹೊಸ ದಾರಿ ಮಾಡಿ, ಇದ್ದ ಒಂದನ್ನೂ ಕೆಡಿಸಿಟ್ಟಿದ್ದವು. ಸೌಮ್ಯ ಅಂದರೆ ನಮ್ಮ ಚಿಕ್ಕಮ್ಮನ ಮಗಳು. ದಿಲ್ಲಿಯಲ್ಲೂ ದಾರಿ ತಪ್ಪದವಳು ಇಲ್ಲಿ ತಪ್ಪಿದ್ದಳು. ಎರಡು ಸಾವಿರದ ಎಂಟನೇ ಇಸವಿ.

ಬಾವಿಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಮುನಿಯಪ್ಪ ದನಿ ತಗ್ಗಿಸಿದ.

"ಈ ಹೊತ್ನಲ್ಲಾ? ಅಜ್ಜಿ ತೀರ್ಕಂಡ್ತು ಕಣವ್ವ. ಇವತ್ತು ತಿಥಿ. ಎಡೆ ಇಟ್ಟು ಹೊತ್ತು ಮುಳುಗ್ತು... ಕಾಗೆ ಮುಟ್ನಿಲ್ಲ."

"ಯಾಕೆ?"

"ಏನೋ ಆಸೆ ಉಳ್ಕಂಡೈತೆ. ಏನೂಂತ ಯಾರಿಗ್ ಗೊತ್ತು? ತೀರೋಗಂಟ ಮನೆ ಬುಟ್ಟು ಹೋಗಕಿಲ್ಲ."

ಸೌಮ್ಯಳಿಗೆ ಗೊತ್ತಿತ್ತು. 

ಸುಗ್ಗಿ ಮುಗಿದಾಗ ಅವಳು ಸಣ್ಣದೊಂದು ರೇಡಿಯೋ ಕೇಂದ್ರಕ್ಕಾಗಿ ಅಜ್ಜಿಯ ರಾಗಿ ಬೀಸುವ ಪದ ರೆಕಾರ್ಡ್ ಮಾಡಲು ಬಂದಿದ್ದಳು. ತಂದದ್ದು ಸ್ಟುಡಿಯೋದ ಡೈನಾಮಿಕ್ ಮೈಕು. ಅದರ ಕಿವಿ ಮಂದ. ತುಟಿ ಗೇಣಿನೊಳಗೆ ಇದ್ದರಷ್ಟೇ ಸರಿಯಾಗಿ ಕೇಳುತ್ತದೆ. ದೂರದ ದನಿ ಬೇಕಾದರೆ ಗೇನ್, ಅಂದರೆ ದನಿ ಹಿಗ್ಗಿಸುವ ಗುಂಡಿ, ಏರಿಸಬೇಕು. ಏರಿಸಿದರೆ ದನಿಯ ಬೆನ್ನಿಗೇ ಕಾದ ಹೆಂಚಿನ ಮೇಲೆ ನೀರು ಬಿದ್ದಂಥ ಸ್ಸ್ಸ್...

"ಹತ್ರ ಬನ್ನಿ ಅಜ್ಜಿ" ಅಂದರೆ, "ಯಾರ್ಯಾರ ಬಾಯ್ ತಾವ ಹೋಗೈತೋ ಅದು. ಎಂಜ್ಲು. ನಿಮ್ಮವ್ವ ಕಚ್ಚಿದ ಮುದ್ದೆ ನಂಗಿಕ್ಕಿದ್ರೆ ಉಂಡೇನಾ?" ಎಂದು ಗೋಡೆಗೊರಗಿ ಕೂತೇ ಹಾಡಿದ್ದಳು. ಕೊನೆಗೆ ಕೇಳಿದ್ದು ಒಂದೇ. "ನನ್ ದನಿ ನಂಗೊಂದಪ ಕೇಳ್ಸವ್ವ."

"ಸರಿ ಮಾಡ್ಕೊಂಡು ಬಂದು ಕೇಳಿಸ್ತೀನಿ" ಅಂದಿದ್ದಳು ಸೌಮ್ಯ. ಆಫೀಸಿನಲ್ಲಿ ಹಾಕಿ ನೋಡಿದರೆ ಬರೀ ಸ್ಸ್ಸ್. ಯಾವ ಮುಖ ಹೊತ್ತು ಹೋಗುವುದು? ತಿಂಗಳುಗಳು ಕಳೆದವು. ಗದ್ದಲವಿಲ್ಲದೆ ಗೇನ್ ಎತ್ತುವ ಪುಟ್ಟ ಡಬ್ಬಿಯೊಂದು ಯಾರಿಂದಲೋ ಸಿಕ್ಕ ಮೇಲೆ ಹೊರಟಿದ್ದಳು. ಮತ್ತೆ ಹಾಡಿಸೋಣವೆಂದು.

ಮನೆಯಲ್ಲಿ ಸೊಸೆ ನಾಗಲಕ್ಷ್ಮಮ್ಮ ಒಬ್ಬಳೇ. ನೆಂಟರು ಉಂಡು ಹೋಗಿದ್ದರು. ಸೂರಿನ ಹೆಂಚಿನ ಮೇಲೆ ಎಡೆ ಹಾಗೇ ಇತ್ತು. ಸೌಮ್ಯ ಹಳೆಯ ರೆಕಾರ್ಡಿಂಗ್ ಹಾಕಿದಳು.

"ಅತ್ತೆ ದನಿಯೇ ಇಲ್ವಲ್ಲವ್ವ."

"ನಿಮಗೆ ಆ ಪದ ಬರುತ್ತಾ?"

"ಒಸಿ ಒಸಿ."

"ನೀವೇ ಹೇಳಿ. ಅವರ ಹೆಸರಲ್ಲಿ ಕೇಳಿಸೋಣ."

ಮೈಕನ್ನು ಬೀಸುವ ಕಲ್ಲಿನ ಮೇಲೆ ಇಟ್ಟಳು. ಡಬ್ಬಿ ಸಿಕ್ಕಿಸಿ, ಹೆಡ್‌ಫೋನ್ ಹಾಕಿ, ರೆಕಾರ್ಡಿಂಗ್ ಒತ್ತಿ, ಗೇನ್ ಪೂರ್ತಿ ಏರಿಸಿದಳು. ಸ್ಸ್ಸ್ ಇಲ್ಲ. ದೂರದ ಜಲ್ಲಿ ಕ್ರಷರ್ರಿನ ಗರ್‌ಗರ್ ಕೂಡ ನೂಲಿನಷ್ಟು ಸಣ್ಣಗೆ. ನಾಗಲಕ್ಷ್ಮಮ್ಮ ದೀಪಕ್ಕೆ ಎಣ್ಣೆ ತರಲು ಒಳಗೆ ಹೋದಳು.

ಆಗ... ಪಚ್. ತುಟಿ ಬಿಚ್ಚಿದ ಸದ್ದು.

ರೆಕಾರ್ಡರಿನಲ್ಲಿ ದನಿ ಅಳೆಯುವ ಮುಳ್ಳು ಕೆಂಪಿಗೆ ಹಾರಿತು. ಗೇನ್ ಇಳಿಸಿದಳು. ಮುಳ್ಳು ಇಳಿಯಲಿಲ್ಲ. ಇನ್ನೂ ಇಳಿಸಿದಳು. ಕೊನೆಗೆ ಗುಂಡಿಯನ್ನು ಸೊನ್ನೆಗೆ ತಂದಳು... ಆದರೂ ಮುಳ್ಳು ನಡುಗುತ್ತಲೇ ಇತ್ತು. ಅಷ್ಟು ಕಿವುಡು ಮೈಕಿಗೆ ಸೊನ್ನೆಯಲ್ಲೂ ದನಿ ಮುಟ್ಟಬೇಕಾದರೆ ಬಾಯಿ ಅದಕ್ಕೆ ಅಂಟಿಕೊಂಡೇ ಇರಬೇಕು.

ಕಲ್ಲಿನ ಮುಂದೆ ಯಾರೂ ಇರಲಿಲ್ಲ.

ಹೆಡ್‌ಫೋನಿನಲ್ಲಿ ಅಜ್ಜಿಯ ಪದ ಶುರುವಾಯಿತು. ಉಸಿರು ಎಳೆದದ್ದು, ಎಂಜಲು ನುಂಗಿದ್ದು, ಹಲ್ಲಿಲ್ಲದ ಕಡೆ ಗಾಳಿ ಹೋದದ್ದು... ಎಲ್ಲ ಶುದ್ಧ. ಬಾಗಿಲಲ್ಲಿ ಎಣ್ಣೆ ಗಿಂಡಿ ಹಿಡಿದು ನಿಂತಿದ್ದ ನಾಗಲಕ್ಷ್ಮಮ್ಮ ಪಿಸುಗುಟ್ಟಿದಳು.

"ಯಾಕವ್ವ ಅಳ್ತಿದ್ದೀಯ? ನಂಗೇನೂ ಕೇಳ್ತಿಲ್ವಲ್ಲ."

ಪದ ಮುಗಿಯಿತು. ಸೌಮ್ಯ ಹೆಡ್‌ಫೋನ್ ಕಿತ್ತು ಸ್ಪೀಕರ್ ಸಿಕ್ಕಿಸಿ, ಖಾಲಿ ಕಲ್ಲಿನ ಕಡೆಗೆ ತಿರುಗಿಸಿ, ಈಗಷ್ಟೇ ಹಿಡಿದದ್ದನ್ನು ಹಾಕಿದಳು.

"ಅಜ್ಜಿ, ತಡವಾಯ್ತು. ಕೇಳಿಸ್ಕೊಳ್ಳಿ."

ಮೊದಲ ಸಾಲಿಗೇ ನಾಗಲಕ್ಷ್ಮಮ್ಮನ ಕೈಯಿಂದ ಗಿಂಡಿ ಜಾರಿತು. ಅತ್ತೆಯ ದನಿ ಕೊನೆಯವರೆಗೂ ಕೋಣೆ ತುಂಬಿತು. ತಲೆಯ ಮೇಲೆ ಹೆಂಚು ಕರಕರ ಎಂದಿತು... ಉಗುರಿನ ಸದ್ದು. ಆಮೇಲೆ ಎಡೆಯ ಎಲೆ ಎಳೆದಾಡಿದ ಸದ್ದು. ಕತ್ತಲಲ್ಲಿ ಕಾಗೆ ಹಾರುವುದಿಲ್ಲ ಅನ್ನುತ್ತೀರಿ. ಸೌಮ್ಯಳೂ ಹಾಗೇ ಅಂದುಕೊಂಡಿದ್ದವಳು.

ಮೈಕಿನ ಸ್ಪಂಜು ತೆಗೆದಾಗ ಒದ್ದೆಯಾಗಿತ್ತು. ಬೆಚ್ಚಗಿತ್ತು. ನಡೆದದ್ದು ಇಷ್ಟೇ, ನಡೆದದ್ದಂತೂ ಹೌದು.