ಹೆಡ್‌ಮಾಸ್ಟರ ಬಾಗಿಲ ಪಕ್ಕದ ಪೆಟ್ಟಿಗೆ

ಮಕ್ಕಳ ಮೌನವನ್ನೇ ಶಿಸ್ತೆಂದು ನಂಬಿ ನೆಮ್ಮದಿಯಾಗಿರುವವರಲ್ಲಿ ನೀವೂ ಒಬ್ಬರಲ್ಲವೇ? ಇಂದು ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಮುಂದೆ ಕುಳಿತಿದ್ದ ಶಿಕ್ಷಕಿಗೂ ನರ್ಸ್ ಆಗಿರುವ ಆಕೆಯ ತಂಗಿಗೂ ನಡುವೆ ನಡೆದ ಮಾತಿದು.

“ಎಚ್‌ಐವಿ ಪಾಠ ಮುಗೀತು ಕಣೇ. ಪ್ರಶ್ನೆ ಬರೆದು ಹಾಕೋಕೆ ಪೆಟ್ಟಿಗೆನೂ ಇಟ್ವಿ. ಒಂದು ಚೀಟಿನೂ ಬರ್ಲಿಲ್ಲ.”

“ಎಲ್ಲಿಟ್ರಿ?”

“ಹೆಡ್‌ಮಾಸ್ಟರ ಬಾಗಿಲ ಪಕ್ಕ. ಯಾರೂ ತರಲೆ ಮಾಡಬಾರ್ದಲ್ಲ.”

“ಅಲ್ಲಿ ನಾನೂ ಹಾಕ್ತಿರ್ಲಿಲ್ಲ, ಅಕ್ಕಾ. ಮೊನ್ನೆ ನಿನ್ನ ಕ್ಲಾಸಿನ ಮಕ್ಕಳ ವಯಸ್ಸಿನ ಹುಡುಗಿಯೊಬ್ಬಳು ಎಚ್‌ಐವಿ ಟೆಸ್ಟಿಗೆ ನಮ್ಮ ಆಸ್ಪತ್ರೆಗೆ ಬಂದಿದ್ಲು. ಕಾಂಡೋಮ್ ಇಲ್ದಿದ್ರೂ ಒಂದು ಸಲಕ್ಕೆ ಏನೂ ಆಗಲ್ಲ ಅಂದ್ಕೊಂಡಿದ್ಲಂತೆ.”

“ನಮ್ಮ ಶಾಲೆಯವಳಾ?”

“ಹೇಳಲ್ಲ. ಗುಟ್ಟು ಬಿಟ್ಟುಕೊಡಲ್ಲ ಅನ್ನೋ ನಂಬಿಕೆ ಮೇಲೇ ಅವಳು ಬಂದಿದ್ದು.”

“ಏನಾಯ್ತು ಅವಳಿಗೆ?”

“ಈಗ ಟೆಸ್ಟಲ್ಲಿ ಏನಿಲ್ಲ. ಸೋಂಕು ತಗುಲಿದ್ರೂ ಕಾಣೋಕೆ ಸಮಯ ಬೇಕು, ಮೂರು ತಿಂಗಳಿಗೆ ಇನ್ನೊಮ್ಮೆ ನೋಡ್ಬೇಕು. ಅಲ್ಲೀವರೆಗೂ ಅವಳಿಗೆ ನಿದ್ದೆ ಇಲ್ಲ.”

ಶಿಕ್ಷಕಿ ನಿಲ್ದಾಣ ಬರುವ ಮೊದಲೇ ಎದ್ದು ನಿಂತರು. “ಬೆಲ್ ಹೊಡೆಯೋಕೆ ಮುಂಚೆ ಆ ಪೆಟ್ಟಿಗೆನ ಅಲ್ಲಿಂದ ಎತ್ತಿಸಿ ಮರೆಯಲ್ಲಿ ಇಡಿಸ್ಬೇಕು, ಬಾರೇ.”

ಇಬ್ಬರೂ ಇಳಿದುಹೋದರು. ನಿಮ್ಮ ಮಕ್ಕಳು ಯಾರ ಕಣ್ಣಿಗೂ ಹೆದರದೆ ಇಂಥದ್ದನ್ನು ಎಲ್ಲಿ ಕೇಳಬಲ್ಲರೆಂದು ದಯವಿಟ್ಟು ಇಂದೇ ಅವರ ಶಾಲೆಗೆ ಹೋಗಿ ವಿಚಾರಿಸಿ.