ಕೇಸು ಯಾರದು

ಕೋರ್ಟಿನ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕ ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡಿದ್ದಳು.

“ಫ್ಯಾಕ್ಟರಿಯವರೇ ರಾಜಿಗೆ ಬಂದಿದ್ದಾರೆ. ಒಪ್ಕೊಂಡು ಮನೆಗೆ ನಡಿ, ಅಕ್ಕ.”

“ನಾನು ಒಪ್ಪಿದ್ರೆ ಆಗಲ್ವಂತೆ. ವಕೀಲರ ಫೀಸು ಕೊಟ್ಟು ಕೇಸಿಗೆ ದುಡ್ಡು ಹಾಕಿರೋ ಕಂಪನಿ ಒಪ್ಪಬೇಕಂತೆ.”

“ಮೆಷಿನ್‌ಗೆ ಸಿಕ್ಕಿದ್ದು ಅವರ ಕೈಯಾ?”

“ಇನ್ನೂ ಎಳೆದ್ರೆ ಜಾಸ್ತಿ ಬರುತ್ತಂತೆ.”

“ಯಾರಿಗೆ?”

“ಅವರಿಗೇ. ದಿನ ಹೋದಷ್ಟೂ ಪರಿಹಾರದಲ್ಲಿ ಅವರ ಪಾಲು ಬೆಳೆಯುತ್ತೆ. ಈಗಲೇ ಮುಕ್ಕಾಲು ಅವರದು.”

“ಇಷ್ಟು ಬಡ್ಡಿ ತಿನ್ನೋಕೆ ಯಾವ ಕಾನೂನು ಬಿಡುತ್ತೆ?”

“ಇದು ಸಾಲ ಅಲ್ವಂತೆ, ಹೂಡಿಕೆಯಂತೆ. ಸಾಲಕ್ಕಾದ್ರೆ ಕಾನೂನಿದೆ. ಇದಕ್ಕೆ ಹೇಳೋರು ಕೇಳೋರು ಯಾರೂ ಇಲ್ಲ.”

“ಆಸ್ಪತ್ರೇಲಿ ಮಲಗಿದ್ದಾಗ ಹೆಬ್ಬೆಟ್ಟು ಒತ್ತಿಸ್ಕೊಂಡ್ರಲ್ಲ, ಆಗ ಹೇಳಿದ್ರಾ ಇದನ್ನ?”

“ಎಡಗೈದು ಒತ್ತಿಸ್ಕೊಂಡ್ರು. ನಾವಿದ್ದೀವಿ, ನೀವು ಆರಾಮಾಗಿರಿ ಅಂದ್ರು.”

ಅಷ್ಟರಲ್ಲಿ ಆ ಕಂಪನಿಯ ಮನುಷ್ಯ ಒಳಗಿನಿಂದ ನಗುತ್ತಲೇ ಬಂದ.

“ರಾಜಿ ಬೇಡ ಅಂತ ಹೇಳಿಬಿಟ್ವಿ, ಮೇಡಂ. ಇನ್ನೊಂದು ವರ್ಷ ನೋಡೋಣ,” ಎಂದು ಕೈಕುಲುಕಲು ಬಲಗೈ ಚಾಚಿದ.

ಅಕ್ಕ ಶಾಲು ಸರಿಸಿದಳು. ಮಣಿಕಟ್ಟಿನಿಂದಾಚೆ ಏನೂ ಇರಲಿಲ್ಲ.

“ಅದು ಆಗಲೇ ನಿಮ್ಮ ಹತ್ರ ಇದೆಯಲ್ಲ,” ಎಂದಳು.

ತಂಗಿ ಅವಳ ಎಡಗೈ ಹಿಡಿದುಕೊಂಡು ಮೆಟ್ಟಿಲಿಳಿದಳು. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.